ಹೈಪೋ ನೀರು

ಅವರು ಚೆಲ್ಲುವ ನೀರನ್ನು ಕೊಳ್ಳುವವನು ನಾನು.
ತಿಂಗಳಿಗೊಮ್ಮೆ, ಟಿವಿಎಸ್ಸಿನ ಎರಡೂ ಮಗ್ಗುಲಿಗೆ
ನೀಲಿ ಕ್ಯಾನು ಕಟ್ಟಿಕೊಂಡು
ಕಾಟನ್‌ಪೇಟೆ, ಬಳೇಪೇಟೆ, ಶಿವಾಜಿನಗರ.
ಸ್ಟುಡಿಯೋಗಳ ಹಿಂಬಾಗಿಲಿಗಷ್ಟೇ ನನ್ನ ಪರಿಚಯ.
ಮುಂದೆ ಪೌಡರು, ಬಾಚಣಿಗೆ, ಬಾಡಿಗೆಯ ಕೋಟು;
ಹಿಂದೆ, ಕೆಟ್ಟ ಉಪ್ಪಿನಕಾಯಿಯ ವಾಸನೆ.

ಹಳೇ ಹೈಪೋದಲ್ಲಿ ಬೆಳ್ಳಿ ಇರುತ್ತದೆ.
ನಗರ್ತಪೇಟೆಯ ನಮ್ಮ ಓಣಿಯಲ್ಲಿ
ಕಬ್ಬಿಣದ ನಾರು ಹಾಕಿ ರಾತ್ರಿಯಿಡೀ ಬಿಟ್ಟರೆ
ತಳದಲ್ಲಿ ಕಪ್ಪು ರಾಡಿ.
ರಾಡಿಯನ್ನು ಮೂಸೆಗೆ ಹಾಕಿ ಊದಿದರೆ
ಅವರೆಕಾಳಿನಷ್ಟು ಬಿಳುಪು.

"ಯಾರ ಮುಖದ ಬೆಳ್ಳಿ ಇದು?" ಅಂದೆ ಒಮ್ಮೆ, ತಮಾಷೆಗೆ.
ಇನ್ನಾಸಪ್ಪ ಕತ್ತಲಕೋಣೆಯಿಂದ ಹೊರಬಂದು
ಬಿಸಿಲಿಗೆ ಕಣ್ಣು ಕಿರಿದು ಮಾಡಿ
ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತ:
"ಮುಖ ನಿನಗೆಲ್ಲಿ ಕೊಡ್ತೀನಯ್ಯ?
ಬೆಳಕು ಬಿದ್ದಿದ್ದು ಫಿಲಮಿನಲ್ಲೇ ಕೂತುಬಿಡ್ತದೆ.
ಬೆಳಕು ಮುಟ್ಟದ್ದು ಮಾತ್ರ ನಿನ್ನ ಕ್ಯಾನಿಗೆ.
ಕೂದಲು, ಕರೀ ಕೋಟು, ಕಣ್ಣುಗುಡ್ಡೆ,
ಹಿಂದೆ ನಿಂತೋರ ನೆರಳು."

ಆ ವರ್ಷವೇ ವನಜಳಿಗೆ ಕಾಲ್ಗೆಜ್ಜೆ ಮಾಡಿಸಿದ್ದು, ಎಂಟು ತೊಲ.
ಅವಳು ಓಣಿಯಲ್ಲಿ ಓಡಿದರೆ
ಪೇಟೆಯ ಅಷ್ಟೂ ಮದುಮಕ್ಕಳ ಜಡೆ
ಝಣಝಣ.

ಮೊದಲು ನೂರಾ ಇಪ್ಪತ್ತೇಳರ ರೋಲು ಬರುವುದು ನಿಂತಿತು.
ಆಮೇಲೆ ನೂರಾ ಹತ್ತು.
ಆಮೇಲೆ ತಾರೀಖು ಮುಗಿದ ಪೇಪರು, ಅದೂ ಮಬ್ಬು ಹಿಡಿದದ್ದು.
ಫೋನು ಎರಡು ತಿಂಗಳಿಗೆ, ಆರು ತಿಂಗಳಿಗೆ.
ಕ್ಯಾನಿಗೆ ಆಸ್ಪತ್ರೆಯ ಎಕ್ಸ್‌ರೇ ನೀರು ತುಂಬಿಸಿಕೊಂಡೆ,
ಕೂದಲ ಬದಲು ಮೂಳೆಯ ಬೆಳ್ಳಿ.
ಅದೂ ಕಂಪ್ಯೂಟರಾಯಿತು.

ಕಡೇ ಸಲ ಹೋದಾಗ ಇನ್ನಾಸಪ್ಪ ಕಾಸು ಮುಟ್ಟಲಿಲ್ಲ.
ಬಾಗಿಲಲ್ಲಿ ಒಂದು ಗೋಣಿ ನೆಗೆಟಿವ್.
"ಈಗ ಮುಖಾನೂ ತಗೊಂಡ್ಹೋಗು."

ಸುಟ್ಟರೆ ಬೂದಿಯಲ್ಲಿ ಎಷ್ಟು ಬೆಳ್ಳಿ, ನನಗೆ ಲೆಕ್ಕ ಗೊತ್ತು.
ಗೋಣಿ ಮಂಚದಡಿಯಲ್ಲೇ ಇದೆ, ಮೂರು ದೀಪಾವಳಿ ಕಳೆಯಿತು.
ಕರೆಂಟು ಇದ್ದ ರಾತ್ರಿ ಒಂದೊಂದನ್ನೇ
ಟ್ಯೂಬ್‌ಲೈಟಿಗೆ ಹಿಡಿಯುತ್ತೇನೆ:
ಕರೀ ಹಲ್ಲು, ಕರೀ ಮಲ್ಲಿಗೆ,
ಕುಂಕುಮ ಇದ್ದಲ್ಲಿ ಒಂದು ತೂತು,
ಗಾಜಿನಂಥ ಬರಿದಾದ ಜಡೆ.
ಯಾರೋ ಏನೋ. ಆ ಬರಿದು ಮಾತ್ರ ನನ್ನ ಕೈಯಲ್ಲಿ ಹಾದದ್ದು.

ಗೆಜ್ಜೆ ಡಬ್ಬಿಯಲ್ಲಿದೆ.
ಮೊನ್ನೆ ಇವಳು ಹುಣಸೆಹಣ್ಣು ನೆನೆಹಾಕಿ
ಕಪ್ಪಾಗಿಹೋಗಿದೆ, ತಿಕ್ಕಿಡ್ತೀನಿ ಅಂದಳು.
ಬೇಡ ಅಂದೆ.
ಕೂದಲು ಅದು, ಕಪ್ಪಗೇ ಇರಲಿ.