ಕಟ್ಟೆಯ ಎತ್ತರ

ಕಾಫಿ ಕ್ಯೂರಿಂಗಿನವರು ಕೊಟ್ಟ ಕ್ಯಾಲೆಂಡರಿನ
ಮಾರ್ಚ್ ಹಾಳೆಯ ಬೆನ್ನಿಗೆ
ವೇಲಾಯುಧನ್ ಬರೆದಿಟ್ಟು ಹೋದ ಲೆಕ್ಕ:
ಎರಡು ಲಕ್ಷದ ಹದಿನೆಂಟು ಸಾವಿರ.
ಅದರಡಿ ಒಂದು ಗೆರೆ. ಗೆರೆಯಡಿ
'ಮರಳು ಬೇರೆ'.

ನನ್ನಲ್ಲಿರುವುದು
ಅಮ್ಮತ್ತಿಯ ಸಂಘದ ಚೀಟಿ ಒಂದು ಲಕ್ಷ,
ಅರವತ್ತು ಕಿಲೋ ಕರಿಮೆಣಸು ಕೊಟ್ಟ ಮೂವತ್ತಾರು.
ಇನ್ನೆರಡು ದಿನ ಕಾದಿದ್ದರೆ ಮೂವತ್ತೆಂಟಾಗುತ್ತಿತ್ತು
ಎಂದು ಪೂವಯ್ಯ ಇವತ್ತಿಗೂ ಹೇಳುತ್ತಾನೆ,
ಎಂದಾದರೂ ಕಾದವನ ಹಾಗೆ.

ರಾತ್ರಿ ಬೆಲ್ಲದ ಕಾಫಿ ಇಟ್ಟುಕೊಂಡು
ಗೀಟು ಎಳೆಯಲು ಕೂತೆವು.
ಚಿಮಣಿ ಹದಿನಾರು. ಬೇಡ,
ಹೊಗೆ ಕಾಣದ ಮನೆಯೇ ಇದು?
ಕಪಾಟಿನ ಬಾಗಿಲು ನಲವತ್ತೈದು.
ತೆಗಿ ಎಂದ.
ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಗೋಣಿಕೊಪ್ಪದ ಅಂಗಡಿಯಲ್ಲಿ ಆ ಬಾಗಿಲನ್ನು
ಬೆರಳಲ್ಲಿ ದೂಡಿ ಬಿಟ್ಟಿದ್ದೆ,
ಸದ್ದಿಲ್ಲದೆ ತಾನೇ ಹೋಗಿ ಮುಚ್ಚಿಕೊಂಡಿತ್ತು
ಒಳ್ಳೆ ಮನೆತನದ ಹುಡುಗಿಯ ಬಾಯಿಯಂತೆ.
ಗೀಟು ಎಳೆದೆ. ಹಳೆ ಸೀರೆಯ ಪರದೆ ಸಾಕು.

ಗ್ರಾನೈಟ್ ಹೋಗಿ ಕಡಪ ಕಲ್ಲು ಬಂತು,
ಹದಿನಾಲ್ಕು ಉಳಿಯಿತು.
ಸೂರಿನವರೆಗೆ ಏರಬೇಕಿದ್ದ ಟೈಲ್ಸು
ಎರಡಡಿಗೇ ಸುಸ್ತಾಗಿ ನಿಂತಿತು, ಒಂಬತ್ತು.
ಉಳಿದದ್ದು ಲಕ್ಷದ ಮೂವತ್ತನಾಲ್ಕು.
ಕೈಯಲ್ಲಿ ಎರಡು ಸಾವಿರ ಮಿಕ್ಕಿತಲ್ಲ ಎಂದು
ನಗುವಷ್ಟರಲ್ಲಿ ನೆನಪಾಯಿತು
ಮರಳು.

ಬೆಳಗ್ಗೆ ವೇಲಾಯುಧನ್ ಬಂದು ಟೇಪು ಬಿಚ್ಚಿದ.
'ಕಟ್ಟೆ ಎಷ್ಟೆತ್ತರ?'
'ಮೊದಲಿದ್ದಷ್ಟೇ' ಎಂದ ಪೂವಯ್ಯ
ಪೇಪರಿನಿಂದ ತಲೆಯೆತ್ತದೆ.

ಮೊದಲಿದ್ದಷ್ಟು ಎಂದರೆ ಅತ್ತೆ ದೇಚವ್ವನ ಅಳತೆ.
ಐದಡಿ ಒಂಬತ್ತಿಂಚಿನ ಹೆಂಗಸು,
ಕಡಂಬುಟ್ಟು ಬೇಯುವ ಹಬೆಪಾತ್ರೆಯೊಳಕ್ಕೆ
ಬಾವಿ ಇಣುಕುವ ಹಾಗೆ ಇಣುಕುತ್ತಿದ್ದಳು.
ನಾನು ಐದಡಿಗೆ ಒಂದಿಂಚು ಕಡಿಮೆ.
ಇಪ್ಪತ್ತೆರಡು ವರ್ಷ ಹಲಸಿನ ಮಣೆ ಹತ್ತಿ ನಿಂತು
ಈ ಮನೆಗೆ ಬೇಯಿಸಿದ್ದೇನೆ,
ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ
ಮಣೆಯನ್ನು ಕಾಲಲ್ಲೇ ದೂಡಿಕೊಂಡು.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.
ಮಣೆ ಇತ್ತಲ್ಲ.

ಇಳಿದೆ.
ಮಸಿಗೋಡೆಗೆ ಭುಜ ಒತ್ತಿ ನಿಂತು ಮೊಣಕೈ ಮಡಿಸಿದೆ.
'ಇಲ್ಲಿಂದ ನಾಲ್ಕು ಬೆರಳು ಕೆಳಗೆ.'
ಅವನು ಮೊಳೆಯಲ್ಲಿ ಗೀರಿದ. ಮಸಿ ಎದ್ದು
ಒಳಗಿನ ಸುಣ್ಣ ಕಂಡಿತು.
'ಇದಕ್ಕೆಷ್ಟು ಜಾಸ್ತಿ?' ಎಂದೆ ಅಭ್ಯಾಸಕ್ಕೆ.
'ಏನಿಲ್ಲ ಅಕ್ಕ, ಒಂದು ವರಸೆ ಇಟ್ಟಿಗೆ ಉಳಿಯುತ್ತದೆ.'

ಪೂವಯ್ಯ ಈಗ ತಲೆಯೆತ್ತಿದ.
ಭಾನುವಾರ ಪಂದಿ ಮಾಡುವವನು ತಾನಂತೆ,
ಬಗ್ಗಿ ಬಗ್ಗಿ ಬೆನ್ನು ಹೋಗುತ್ತದಂತೆ.
ಹೋಗಬಹುದು.
ಮಣೆ ಖಾಲಿ ಇದೆ,
ಕೂತು ಬೆಳ್ಳುಳ್ಳಿ ಸುಲಿಯಲಿ.

ಕಾಚಂಪುಳಿಯ ಬಾಟಲಿ ಮಾತ್ರ
ಆ ಮೇಲಿನ ಹಲಗೆಯಲ್ಲೇ ಇರಲಿ ಎಂದೆ.
ನಾನು ಕೇಳಿದಾಗ
ತೆಗೆದು ಕೊಡಲಿಕ್ಕೆ
ಒಬ್ಬ ಉದ್ದದವನು ಬೇಕಲ್ಲ ಮನೆಗೆ.