ಕಲೆ

ಮೊದಲು ಬೋರಲು ಹಾಕು.
ಟೀ ಕಪ್ಪಿನ ಜಾತಕ ಇರುವುದು ತಳದಲ್ಲಿ:
ಹಸಿರು ಕಿರೀಟ, ಲಾಂಗ್ಟನ್ ಎಂಬ ಊರಿನ ಹೆಸರು,
ನಮೂನೆ ನಾಲ್ಕು ಸಾವಿರದ ಇನ್ನೂರ ಏಳು,
ಅದರ ಪಕ್ಕ, ಕೆಂಪಿನಲ್ಲಿ, ಸಾಸಿವೆಗಿಂತ ಸಣ್ಣ
ಮೂರು ಚುಕ್ಕಿ.

ಆ ಚುಕ್ಕಿಗಳೇ ಎನಿಡ್ ಟನಿಕ್ಲಿಫ್.
ಕುಂಚದ ಹೆಂಗಸರು ಹೆಸರು ಹಾಕುವಂತಿರಲಿಲ್ಲ.
ಡಜನ್ನಿಗಿಷ್ಟು ಎಂದು ಎಣಿಸುವ ಗುಮಾಸ್ತನಿಗೆ
ಯಾರ ಕೈಯೆಂದು ಗೊತ್ತಾದರೆ ಸಾಕಿತ್ತು.
ಎಣಿಕೆಯೂ ಆವಿಗೆಯಿಂದ ನೆಟ್ಟಗೆ ಹೊರಬಂದದ್ದಕ್ಕೆ ಮಾತ್ರ;
ಬಿರಿದದ್ದು, ಹೊಗೆ ಕುಡಿದದ್ದು,
ಬೆಂಕಿಯ ತಪ್ಪೇ ಆದರೂ, ಅವಳ ಖಾತೆಗೆ.

ಇದರ ಮೈ ಅರ್ಧಕ್ಕರ್ಧ ಎಲುಬು.
ಕಸಾಯಿಖಾನೆಯಿಂದ ಗೋಣಿಯಲ್ಲಿ ಬಂದದ್ದು;
ಸುಟ್ಟು, ಅರೆದು, ಸೋಸಿ, ಮಣ್ಣಿಗೆ ಕಲಸಿದ್ದು.
ಕಿಟಕಿಗೆ ಹಿಡಿದರೆ ಆಚೆಯ ಬೆರಳು ಮೂಡುತ್ತದೆ,
ಬೆಳಕು ಹಾಯುತ್ತದೆ
ಬಿಸಿಲಿಗೆ ಅಡ್ಡ ನಿಂತ ಮಗುವಿನ ಕಿವಿಯಲ್ಲಿ ಹಾಯುವ ಹಾಗೆ.
ಮೇಯುವಾಗ ಹೂವು ಹಸುವಿನೊಳಗೆ ಹೋಗಿತ್ತು.
ಈಗ ಹಸುವಿನ ಮೇಲೆ ಬಂದಿದೆ.

ಹೂವಿನ ಹೆಸರು ಫ್ರಿಟಿಲರಿ.
ತಲೆ ತಗ್ಗಿಸಿದ ನೇರಳೆ ಗಂಟೆ, ಮೈತುಂಬ ಚೌಕಳಿ.
ಎನಿಡ್ ನಂಬಿರಲಿಲ್ಲ.
ಅವಳ ಬೀದಿಯಲ್ಲಿ ಆವಿಗೆಯ ಮಸಿ ಬಿದ್ದು
ಒಣಹಾಕಿದ ದುಪ್ಪಟಿಯೇ ಬೂದಾಗುತ್ತಿತ್ತು;
ಹೂವೆಂದರೆ ಕಲ್ಲಿನ ಸಂದಿಯ ಡ್ಯಾಂಡಿಲಿಯನ್, ಅಷ್ಟೆ.
“ಆಫೀಸಿನವರು ಯಾರೋ ಕಟ್ಟಿದ ಕತೆ.
ಹೂವಿಗೆ ಚೌಕಳಿ ಹಾಕುತ್ತ ಕೂರಲು
ದೇವರಿಗೆಲ್ಲಿ ಪುರುಸೊತ್ತು?”
ಎನ್ನುತ್ತಲೇ ಹಾಕುತ್ತಿದ್ದಳು, ದಿನಕ್ಕೆ ಮೂರು ಡಜನ್,
ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ.

ಒಂದು ಸೋಮವಾರ ಈ ಕಪ್ಪಿನ ಹೊಳಪಿನಲ್ಲಿ ಒಂದು ತೂತು.
ಸೂಜಿಮೊನೆಯಷ್ಟು; ಎಲೆಗೂ ಹೂವಿಗೂ ಎಟುಕದ ಜಾಗದಲ್ಲಿ.
ಪಕ್ಕಕ್ಕೆ ತೆಗೆದಿಡಬೇಕಿತ್ತು.
ಅವಳು ಅದರ ಮೇಲೊಂದು ಗುಲಗಂಜಿ ಹುಳ ಕೂರಿಸಿದಳು,
ಕಾಲು ಸಮೇತ, ದಂಟಿನ ಕಡೆ ಹೊರಟದ್ದು.

ಮೇಲ್ವಿಚಾರಕಿ ಮಿಸ್ ಕೋಪ್‌ಸ್ಟೇಕ್ ಕನ್ನಡಕ ಏರಿಸಿದಳು.
“ನಮೂನೆಯಲ್ಲಿ ಹುಳ ಇಲ್ಲ.”
“ತೂತೂ ಇಲ್ಲ, ಮಿಸ್.”
‘ಕಲೆ’ ಎಂದಷ್ಟೇ ಪುಸ್ತಕದಲ್ಲಿ ಬರೆದುಕೊಂಡಳು.
ಶನಿವಾರ, ಎರಡನೇ ದರ್ಜೆಯ ರಾಶಿಯಿಂದ,
ತನ್ನ ಕೈಕೆಲಸವನ್ನೇ ಎನಿಡ್ ಮೂರು ಪೆನ್ನಿಗೆ ಕೊಂಡಳು.

ಮನೆಯಲ್ಲಿ ಅದು ಜೇಬೆಜ್‌ನದಾಯಿತು.
ಹದಿನೆಂಟು ವರ್ಷ ಆವಿಗೆಯೊಳಕ್ಕೆ ಹೊರೆ ಹೊತ್ತವನು,
ಈಗ ಮೂರು ಮೆಟ್ಟಿಲಿಗೊಮ್ಮೆ ಕೂರುವವನು.
ಆಸ್ಪತ್ರೆಯಲ್ಲಿ ಅವನ ಎದೆಯ ಚಿತ್ರ ಬೆಳಕಿಗೆ ಹಿಡಿದು
ಡಾಕ್ಟರು ಬಿಳಿ ಬಿಳಿ ಮೋಡ ತೋರಿಸಿದ್ದರು.
ಬಸಿಗೆ ಸುರಿದು, ಊದಿ, ಸೊರ್ರನೆ ಹೀರಿ ಅಂದ:
“ನಾನೂ ಅರ್ಧ ಪಿಂಗಾಣಿ ಆದೆನಲ್ಲೇ.
ಬೀಳಿಸಬೇಡ.”
ಅವಳು ನಗಲಿಲ್ಲ. ಆಮೇಲೆ ನಕ್ಕಳು.
ಫೆಬ್ರವರಿಯಲ್ಲಿ ಹೋದ. ಹಿಡಿಕೆಯ ಚಿನ್ನ
ಅವನ ತೋರುಬೆರಳಿದ್ದಲ್ಲಿ ಮಾತ್ರ ಸವೆದಿದೆ.

ಎಷ್ಟೋ ವರ್ಷದ ಮೇಲೆ, ಚಾಪೆಲ್ಲಿನವರ ಬಸ್ಸಿನಲ್ಲಿ,
ದಕ್ಷಿಣದ ಎಲ್ಲೋ ಒಂದು ಒದ್ದೆ ಹುಲ್ಲುಗಾವಲು. ಏಪ್ರಿಲ್.
ಸ್ಯಾಂಡ್‌ವಿಚ್ ಹಿಡಿದ ಹೆಂಗಸರೆಲ್ಲ ಮುಂದೆ ಹೋದರು.
ಎನಿಡ್ ನಿಂತಳು.
ಸಾವಿರ, ಹತ್ತು ಸಾವಿರ: ನೇರಳೆ, ತಲೆ ತಗ್ಗಿಸಿ,
ತೊಳೆದು ಬೋರಲು ಹಾಕಿದ ಕಪ್ಪುಗಳ ಹಾಗೆ,
ಒಂದೊಂದು ಚೌಕಳಿಯೂ ಇರಬೇಕಾದಲ್ಲೇ.
“ಡಜನ್ನಿಗೆ ಎಷ್ಟು ಕೊಡುತ್ತಾರೋ”
ಅಂದಳು, ಯಾರನ್ನೂ ಕೇಳದೆ.
ಮಂಡಿ ನೋಯುತ್ತಿದ್ದರೂ ಬಗ್ಗಿ, ಒಂದು ಹೂವನ್ನು
ಎರಡು ಬೆರಳಲ್ಲಿ ಹಿಡಿದು ತಿರುಗಿಸಿ,
ದಂಟು ಸೇರುವ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು,
ಚುಕ್ಕಿ ಇದೆಯೇ ಎಂದು.