ಗಡಿಗೆಗೆ ಟಿಕೆಟ್

ನನಗೆ ಸೊನ್ನೆ ರೂಪಾಯಿಯ ಚೀಟಿ,
ಗಡಿಗೆಗೆ ಹದಿನೈದು.
"ಹೆಂಗಸರಿಗೆ ಫ್ರೀ, ಮಣ್ಣಿಗಲ್ಲಕ್ಕ"
ಎನ್ನುತ್ತಾಳೆ ಕಂಡಕ್ಟರ್ ರೇಣವ್ವ.
ಮಂಗಳವಾರ, ಏಳೂಕಾಲರ ಸಾಗರದ ಬಸ್ಸು.
ತೊಡೆಯ ಮೇಲೆ ಬೋರಲು ಕೂತಿದೆ
ಎಂಟು ವರ್ಷ ಎಣ್ಣೆ ಕುಡಿದು
ಎಮ್ಮೆಯ ಬೆನ್ನಿನಂತಾದ ನನ್ನ ಸಂಪಾದನೆ.
ಚೀಲದಲ್ಲಿ ಬಟ್ಟೆ ಸುತ್ತಿದ ಕೋಲು, ಅಕ್ಕಿಹಿಟ್ಟು,
ಬಾಟಲಿಯಲ್ಲಿ ಕಬ್ಬಿನ ಹಾಲು,
ಯಾರಾದರೂ ಸುಟ್ಟುಕೊಂಡರೆ ಇರಲಿ, ಬರ್ನಾಲು.

ಆನಂದಪುರದ ಸೊಸೈಟಿ ಕಟ್ಟಡದ ಹಿಂದೆ
ಮೂರು ಕಲ್ಲು, ಹದಿನಾಲ್ಕು ಜೊತೆ ಕಣ್ಣು.
ಮೊದಲ ತೊಡೆದೇವು ಅಂಟುತ್ತದೆ.
ಯಾವಾಗಲೂ. ನನ್ನದೂ.
ಹೇಳಿಯೇ ಶುರುಮಾಡುತ್ತೇನೆ:
ಅದು ಗಡಿಗೆಯ ಪಾಲು, ಕೆರೆದು ಮುಂದೆ ಹೋಗಿ.

ಶಿಕಾರಿಪುರದ ಕ್ಲಾಸಿನಲ್ಲಿ ಒಬ್ಬರೇ ಗಂಡಸು,
ನಿವೃತ್ತ ಲೈನ್‌ಮನ್ ಹುಚ್ಚರಾಯಪ್ಪ.
ಅವರ ಹಾಲಮ್ಮ ಯುಗಾದಿಯ ಮಾರನೇ ದಿನ
ಸೌಟು ತೊಳೆದು ಮೊಳೆಗೆ ತೂಗುಹಾಕಿ
"ನಲವತ್ತೊಂದು ವರ್ಷ ಆಯ್ತು, ನಾನೂ ರಿಟೈರು" ಅಂದರಂತೆ.
ಪಾಪ, ಪುಸ್ತಕದ ತುಂಬ ಕಾಲಂ ಗೆರೆ ಎಳೆದು ತಂದಿದ್ದರು.
"ಹದ ಅಂದ್ರೆ ಎಷ್ಟು ಗ್ರಾಂ ಮೇಡಂ?"
ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.
ನಾನು ನಗಲಿಲ್ಲ. ನನಗೂ ಗೊತ್ತಿರಲಿಲ್ಲ.
"ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ
ಮುಟ್ಟದೆ ಹೇಗೆ ತಿಳೀತಿತ್ತು ನಿಮಗೆ?"
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಮುಂಗೈ ಕೂದಲಿಗೆ ಮೊದಲು ತಿಳೀತಿತ್ತು."
ಬರೆದುಕೊಳ್ಳಿ ಎಂದೆ. ಬರೆದುಕೊಂಡರು,
ಗ್ರಾಂ ಎಂಬ ಕಾಲಮ್ಮಿನಲ್ಲೇ.

ಶನಿವಾರ ರಾತ್ರಿ ಗೋಪಾಳದ ಬಾಡಿಗೆ ಮಾಳಿಗೆಯಲ್ಲಿ
ಮಂಚವನ್ನು ಗೋಡೆಗೆ ನಿಲ್ಲಿಸಿ
ಟ್ಯೂಷನ್ ಮಾಸ್ತರರ ಚಾಪೆ ಕಡ ತಂದು
ಹನ್ನೆರಡು ಎಲೆ ಹಾಕುತ್ತೇನೆ.
ಕಳಲೆ ಪಲ್ಯ, ಒಂದೆಲಗದ ತಂಬುಳಿ, ಪತ್ರೊಡೆ.
ಹಲ್ಲಿನ ಡಾಕ್ಟರು, ಅವರ ಹೊಸ ಬೀಗರು,
ಮೊಣಕಾಲು ಎಲ್ಲಿಡಬೇಕೆಂದು ತಿಳಿಯದ ಬ್ಯಾಂಕಿನ ಹುಡುಗ.
ತೊಡೆದೇವು ಮುರಿಯುವ ಸದ್ದಿಗೆ
ಒಂದು ಗಳಿಗೆ ಮಾತು ನಿಲ್ಲುತ್ತದೆ.
ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ:
"ಅಜ್ಜಿ ಕಲಿಸಿದ್ದಾ?"
"ಹೂಂ, ಅಜ್ಜಿ."
ಆ ಒಂದು ಹೂಂಗೆ ರುಚಿ ನಾಲ್ಕಾಣೆ ಏರುತ್ತದೆ.

ನನ್ನಜ್ಜಿ ಬೀಡಿ ಕಟ್ಟುತ್ತಿದ್ದಳು.
ಹಾಲು ಉಕ್ಕಿಸಿ, ಅನ್ನ ಸೀಯಿಸಿ
"ಹೊಟ್ಟೆಗೆ ಕಣ್ಣಿಲ್ಲ, ತಿನ್ನು" ಎನ್ನುತ್ತಿದ್ದಳು.
ಕಲಿಸಿದ್ದು ಭದ್ರಾವತಿಯ ಕಾರ್ಖಾನೆ ಕ್ಯಾಂಟೀನಿನ
ಮಕ್ತುಂ ಸಾಬರು, ನಾನೂರು ಜನರ ಉಪ್ಪಿಟ್ಟಿಗೆ
ದೋಣಿಯ ಹುಟ್ಟಿನಂಥ ಸೌಟು ತಿರುವುತ್ತ:
"ಸಾಸಿವೆ ಮಾತಾಡುವಾಗ ನೀನು ಮಾತಾಡಬೇಡ."
ತೊಡೆದೇವು ಮಾತ್ರ ಸಾಗರದ ಒಂದು ಛತ್ರದ ಹಿತ್ತಿಲಲ್ಲಿ,
ಪಾತ್ರೆ ತಿಕ್ಕುತ್ತ, ಬೇರೆಯವರ ಕೈ ನೋಡುತ್ತ.
ಯಾರೂ ಕಲಿಸಲಿಲ್ಲ. ಯಾರೂ ಓಡಿಸಲೂ ಇಲ್ಲ.

ಆದರೆ ಎಲ್ಲರಿಗೂ ಅಡುಗೆಯ ಹಿಂದೆ ಒಬ್ಬ ಅಜ್ಜಿ ಬೇಕು,
ನತ್ತಿನ, ನಡುಗುವ ಕೈಯ, ತೀರಿಹೋದ ಅಜ್ಜಿ.
ಬಡಿಸುವವಳು ಇಲ್ಲ ಎನ್ನಬಾರದಲ್ಲ.

ಮೊನ್ನೆ ಶನಿವಾರ ಹುಚ್ಚರಾಯಪ್ಪ
ಹಾಲಮ್ಮನನ್ನು ಕರೆತಂದಿದ್ದರು.
ಆಕೆ ಸಾರಿಗೆ ಗುಳಿ ಮಾಡಿ, ಸುರಿಸಿಕೊಂಡು,
ತಲೆಯೆತ್ತದೆ ಕೇಳಿದರು: "ಯಾರ ಕೈಯಮ್ಮ ಇದು?"
ಅಜ್ಜಿ ನಾಲಗೆಯ ತುದಿಯಲ್ಲಿದ್ದಳು. ನುಂಗಿದೆ.
"ಮಕ್ತುಂ ಸಾಬರದು. ಕ್ಯಾಂಟೀನಿನವರು."
ಬೀಗರ ಕೈ ಎಲೆಯ ಮೇಲೇ ನಿಂತಿತು.
ಹಾಲಮ್ಮ ಬೆರಳು ನೆಕ್ಕಿದರು:
"ಅದಕ್ಕೇ ಉಪ್ಪು ಹಿಡೀತು.
ಇನ್ನೊಂದು ಸೌಟು ಹಾಕು."

ಇವತ್ತು ಮತ್ತೆ ಮಂಗಳವಾರ, ಸಂಜೆಯ ಬಸ್ಸು.
ಆಯನೂರು ದಾಟಿದ ಮೇಲೆ ರೇಣವ್ವ
ಪಕ್ಕದಲ್ಲಿ ಕೂತು ಚಪ್ಪಲಿ ಕಳಚಿದಳು.
ಉಳಿದ ಚೂರುಗಳ ಪೊಟ್ಟಣ ಬಿಚ್ಚಿಕೊಟ್ಟೆ.
ಒಂದೊಂದೇ ತಿಂದಳು, ಮಡಿಲ ಪುಡಿಯನ್ನೂ ಹೆಕ್ಕಿದಳು,
ಖಾಕಿಗೆ ಬೆರಳು ಒರೆಸಿಕೊಂಡು
ಗಡಿಗೆಯ ಟಿಕೆಟ್ ಹರಿದು ಕೊಟ್ಟಳು.